ಮುಂದಕ್ಕೆ ಬಾಗಿದ ಅಲಗು

ಸೆಪ್ಟೆಂಬರ್ ೨, ಮಂಗಳವಾರ

ನಿವೃತ್ತಿಯ ದಿನ ಇಲಾಖೆಯವರು ಕೊಟ್ಟ ದಿನಚರಿ ಪುಸ್ತಕ ಇದು. ಎರಡು ವರ್ಷ ಬೀರುವಿನಲ್ಲಿ ಬಿದ್ದಿತ್ತು. ಅಚ್ಚಾದ ವಾರಗಳು ಈಗ ಹೊಂದುವುದಿಲ್ಲ, ಹಾಗಾಗಿ ಅವನ್ನು ಹೊಡೆದುಹಾಕಿ ನನ್ನದೇ ತಾರೀಕು ಬರೆದುಕೊಳ್ಳುತ್ತಿದ್ದೇನೆ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿ ಅಂಗಡಿ ಅಂಗಡಿ ಸುತ್ತಿ, ತಕ್ಕಡಿ ಪರೀಕ್ಷಿಸಿ, ಸರಿಯಿದ್ದ ತೂಕದ ಬಟ್ಟುಗಳಿಗೆ ಮಾತ್ರ ಮುದ್ರೆ ಒತ್ತಿದವನು ನಾನು. ತಪ್ಪು ತಾರೀಕಿನ ಪುಟದ ಮೇಲೆ ಬರೆಯಲು ಕೈ ಏಳುವುದಿಲ್ಲ.

ಇವಳ, ಅಂದರೆ ನನ್ನ ಹೆಂಡತಿಯ, ಬಲಗೈ ಹೆಬ್ಬೆರಳಿನ ಬುಡದಲ್ಲಿ ಆಪರೇಷನ್ ಆಗಿ ಐದು ವಾರವಾಯಿತು. ಇವತ್ತು ಕಟ್ಟು ಬಿಚ್ಚಿದರು. ಡಾಕ್ಟರು ಆ ಹೆಬ್ಬೆರಳನ್ನು ಆಚೆ ಈಚೆ ಆಡಿಸಿ, "ಇನ್ನು ಮುಂದೆ ಹೆಬ್ಬೆರಳು ಒತ್ತಿ ಹಿಡಿಯೋ ಕೆಲಸ ಬೇಡಮ್ಮಾ. ಎಡಗೈದೂ ಅರ್ಧ ಸವೆದಿದೆ. ಏನ್ ಕೆಲಸ ಮಾಡ್ತೀರಿ?" ಎಂದರು.

"ಬಡಗಿ ಕೆಲಸ."

ಡಾಕ್ಟರು ನನ್ನ ಕಡೆ ತಿರುಗಿ, "ಮನೆಯವರನ್ನ ಸ್ವಲ್ಪ ದಿನ ಸಹಾಯಕ್ಕೆ ಕರೀಬೇಡಿ" ಎಂದರು.

"ಅವರಲ್ಲ ಡಾಕ್ಟ್ರೇ" ಎಂದಳು ಇವಳು. "ಅವರಿಗೆ ನೆಟ್ಟಗೆ ಒಂದು ಮೊಳೆ ಹೊಡೆಯೋಕೂ ಬರಲ್ಲ. ಬಡಗಿ ನಾನು."

ಮನೆಗೆ ಬಂದವಳು ಬಾಗಿಲನ್ನು ಅಂಗೈಯಿಂದ ತಳ್ಳಿ ಒಳಗೆ ಹೋದಳು.

ಒಂದು ವಿಷಯ ಇಲ್ಲಿ ಬರೆದುಬಿಡುತ್ತೇನೆ, ಬೇರೆಲ್ಲೂ ಹೇಳಲಾರೆ. ಇವಳು ಆಸ್ಪತ್ರೆಯಲ್ಲಿದ್ದಾಗ ನಾನು ಎರಡು ಬೀದಿ ಆಚೆಯ ಇವಳ ಕಾರ್ಖಾನೆಗೆ ಹೋಗಿದ್ದೆ. ಕಾರ್ಖಾನೆ ಎಂದರೆ ಒಂದೇ ಕೋಣೆ: ಒಂದು ಬೆಂಚು, ಗೋಡೆ ತುಂಬ ಉಪಕರಣ. ಪಕ್ಕದ ಫೋಟೋ ಚೌಕಟ್ಟಿನವನಿಗೆ ಬಹಳ ದಿನದಿಂದ ಆ ಕೋಣೆಯ ಮೇಲೆ ಕಣ್ಣು. ಅಕ್ಟೋಬರ್ ಒಂದರಿಂದ ನೀನೇ ತೆಗೆದುಕೊಳ್ಳಪ್ಪ ಎಂದು ಅವನಿಗೆ ಮಾತು ಕೊಟ್ಟೆ. ಇನ್ನೊಂದು ಕೀಲಿಕೈಯನ್ನೂ ಕೊಟ್ಟೆ. ಅವನಿಗೆ ಉಪಕರಣಗಳನ್ನು ತೋರಿಸುವಾಗ ಗೋಡೆಯ ಮೇಲಿನ ಹಲಗೆಯಿಂದ, ಮರ ಉಜ್ಜಿ ನಯ ಮಾಡುವ ಒಂದು ಹಳೆಯ ಮರದ ಹತ್ತರಿ ಕೈಜಾರಿ ನೆಲಕ್ಕೆ ಬಿತ್ತು. ಇವಳ ಸೋದರಮಾವ ಇವಳಿಗೆ ಕೆಲಸ ಕಲಿಸಿದ ಹತ್ತರಿ ಅದು. ಅಡಿಯಲ್ಲಿ ಅಲಗು ಇಣುಕುವ ಬಾಯಿಯ ಹತ್ತಿರ, ಬೆರಳುಗುರಿನಷ್ಟು ಅಗಲದ ಚಕ್ಕೆಯೊಂದು ಎದ್ದುಹೋಯಿತು. ಹತ್ತರಿಯನ್ನು ಗೋಡೆಗೆ ಮುಖ ಮಾಡಿ ಅಲ್ಲೇ ಇಟ್ಟು, ಚಕ್ಕೆಯನ್ನು ಜೇಬಿಗೆ ಹಾಕಿಕೊಂಡು ಬಂದೆ.

ಕಾರ್ಖಾನೆ ಬಿಡಿಸಿದ್ದು ಅವಳ ಒಳ್ಳೆಯದಕ್ಕೇ. ಮೂವತ್ತು ವರ್ಷ ಮರದ ಪುಡಿ ಕುಡಿದದ್ದು ಸಾಕು. ಹಾಸಿಗೆಯಲ್ಲಿ ಪುಡಿ, ಟವೆಲ್ಲಿನಲ್ಲಿ ಪುಡಿ, ನನ್ನ ಕನ್ನಡಕದ ಮೇಲೂ ಪುಡಿ. ನಾನು ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೂ ಇವಳು ಬೆಳಗ್ಗೆ ಹೋದರೆ ಸಂಜೆಯೇ ಬರುವುದು. ಇಬ್ಬರೂ ಒಟ್ಟಿಗೆ ಕೂತು ಒಂದು ಲೋಟ ಕಾಫಿ ಕುಡಿಯಬೇಕಾದರೆ ಇಲಾಖೆಗೆ ಅರ್ಜಿ ಹಾಕಬೇಕಿತ್ತು.

ಸೆಪ್ಟೆಂಬರ್ ೪, ಗುರುವಾರ

ಇವಳು ಹಟ ಹಿಡಿದು ಕಾರ್ಖಾನೆಗೆ ಹೋದಳು. ಹಿಂದೆಯೇ ನಾನೂ ಹೋದೆ. ಪುಣ್ಯಕ್ಕೆ ಇವಳು ಮೇಲಿನ ಹಲಗೆಯ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಕಣ್ಣೆಲ್ಲ ಬೆಂಚಿನ ಮೇಲಿದ್ದ ಮೇಜಿನ ಹಲಗೆಯ ಮೇಲೇ.

ಗ್ರಂಥಾಲಯದ ಅಂಗಳದಲ್ಲಿ ಹೋದ ವರ್ಷ ಗಾಳಿಗೆ ಒಂದು ದೊಡ್ಡ ಮರ ಬಿದ್ದಿತ್ತು. ಅದರಿಂದಲೇ ಓದುವ ಕೋಣೆಗೆ ಒಂದು ಉದ್ದನೆಯ ಮೇಜು ಮಾಡಿಕೊಡಿ ಎಂದು ಗ್ರಂಥಪಾಲಕರು ಇವಳಿಗೆ ಹೇಳಿದ್ದರು. ಕಾಲು, ಚೌಕಟ್ಟು ಎಲ್ಲ ಮುಗಿದಿದೆ. ಮೇಜಿನ ಹಲಗೆಯದೇ ತಕರಾರು. ಅದರ ಎಳೆ ಒಂದು ಕಡೆಗೆ ಹರಿಯುವುದಿಲ್ಲ. ನಾಲ್ಕು ಬೆರಳು ಇತ್ತ, ನಾಲ್ಕು ಬೆರಳು ಅತ್ತ. ಎಷ್ಟು ಹರಿತದ ಹತ್ತರಿ ಹೊಡೆದರೂ ಎಳೆ ಕಿತ್ತು ಕಿತ್ತು ಬಂದು ಗುಳಿ ಬೀಳುತ್ತದೆ. ಇಂಥ ಮರಕ್ಕೆ ತಗಡೇ ಗತಿಯಂತೆ. ತಗಡು ಎಂದರೆ ಅಂಗೈ ಅಗಲದ ತೆಳು ಉಕ್ಕು. ಎರಡೂ ಹೆಬ್ಬೆರಳಿನಿಂದ ಅದನ್ನು ಬಿಲ್ಲಿನ ಹಾಗೆ ಬಗ್ಗಿಸಿ ಹಿಡಿದು ಮರವನ್ನು ಕೆರೆಯಬೇಕು.

ಇವಳು ತಗಡು ಹಿಡಿದು ಎರಡು ಸಲ ತಳ್ಳಿದಳು. ಮೂರನೆಯ ಸಲಕ್ಕೆ ತಗಡು ಠಣ್ ಎಂದು ನೆಲಕ್ಕೆ ಬಿತ್ತು. ಇವಳು ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ನಾನು ತಗಡು ಎತ್ತಿಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಮೂವತ್ತನೇ ತಾರೀಕು ಅವರಿಗೆ ಮೇಜು ಬೇಕು. ಆಗದಿದ್ರೆ ಅಂಗಡಿಯಿಂದ ಪ್ಲೈವುಡ್ ತರ್ತಾರಂತೆ" ಎಂದಳು.

"ತರಲಿ ಬಿಡು."

"ಈ ಮೇಜು ನನ್ನ ಕೈಯಲ್ಲಿ ಮುಗಿದ್ರೆ ಕೆಲಸ ಮುಂದುವರಿಸ್ತೀನಿ. ಆಗದಿದ್ರೆ ಬಾಗಿಲು ಹಾಕೋದೇ. ಆಮೇಲೆ ನೀವು ಹೇಳಿದ ಹಾಗೆ ಮನೆಯಲ್ಲಿ ಕೂತಿರ್ತೀನಿ, ಸರೀನಾ?"

ನನಗೆ ಬೇಕಾದದ್ದೂ ಅದೇ ಅಲ್ಲವೇ? ಆದರೂ ಮನೆಗೆ ಬಂದ ಮೇಲೆ ಕಾಫಿಯನ್ನು ಅರ್ಧಕ್ಕೇ ಬಿಟ್ಟೆ.

ಸೆಪ್ಟೆಂಬರ್ ೭, ಭಾನುವಾರ

ಮೂರು ದಿನದಿಂದ ಇವಳು ಮನೆಯಲ್ಲಿದ್ದಾಳೆ. ನಾನು ಎರಡು ವರ್ಷದಿಂದ ಬಯಸಿದ್ದು ಇದನ್ನೇ. ಎದುರು ಬದುರು ಕೂತು ಕಾಫಿ ಕುಡಿದೆವು. ಇವಳು ಕಿಟಕಿಯ ಚೌಕಟ್ಟಿನ ಸಂದಿಯನ್ನೇ ನೋಡುತ್ತಿದ್ದಳು. "ಈ ಮೂಲೆ ಕೂಡಿಸಿದವನು ಬಡಗಿಯಲ್ಲ, ಕಟುಕ" ಎಂದಳು.

ಸೆಪ್ಟೆಂಬರ್ ೮, ಸೋಮವಾರ

ಗ್ರಂಥಾಲಯಕ್ಕೆ ಹೋಗಿದ್ದೆ. ಮೇಜು ಆಗುವುದಿಲ್ಲ ಎಂದು ನಾನೇ ಹೇಳಿಬಿಡೋಣ, ಇವಳಿಗೆ ಆ ಸಂಕಟ ತಪ್ಪಲಿ ಎಂದು ಹೊರಟಿದ್ದೆ. ಗ್ರಂಥಪಾಲಕರು ಏಣಿಯ ಮೇಲೆ ನಿಂತು ಪುಸ್ತಕದ ಧೂಳು ಹೊಡೆಯುತ್ತಿದ್ದರು. ನಾನು ಬಾಯಿ ತೆಗೆಯುವ ಮೊದಲೇ, "ಅಮ್ಮನ ಕೈ ಹೇಗಿದೆ? ಹೆಬ್ಬೆರಳು ಅಂತ ಕೇಳಿದೆ. ಹಳೇ ಪುಸ್ತಕ ಒಂದರಲ್ಲಿ ಏನೋ ನೋಡಿದ ನೆನಪು, ಇಳಿದೆ ಇರಿ" ಎಂದರು.

ಅಂಚು ಹರಿದ ಮರಗೆಲಸದ ಪುಸ್ತಕ. ಒಂದು ಪುಟದಲ್ಲಿ ಕೆರೆಯುವ ಹತ್ತರಿಯ ಚಿತ್ರ. ತಗಡನ್ನು ಕೈಯಲ್ಲಿ ಹಿಡಿಯುವ ಬದಲು ಹತ್ತರಿಯ ಹೊಟ್ಟೆಯಲ್ಲಿ ಬೆಣೆ ಹೊಡೆದು ಕೂರಿಸಿದ್ದಾರೆ. ಹೆಬ್ಬೆರಳಿಗೆ ಕೆಲಸವೇ ಇಲ್ಲ, ಎರಡೂ ಅಂಗೈಯಿಂದ ತಳ್ಳಿದರೆ ಮುಗಿಯಿತು. ಹಳೆಯ ಮರದ ಹತ್ತರಿಯನ್ನೇ ಹೀಗೆ ಮಾರ್ಪಡಿಸಬಹುದು ಎಂದು ಕೆಳಗೆ ಬರೆದಿದೆ. ಹತ್ತರಿಯ ಬಾಯಿಯ ಮುಂದಿನ ಅಂಚನ್ನು ಉಳಿಯಿಂದ ಕೆತ್ತಿ ಅಗಲ ಮಾಡಬೇಕಂತೆ.

ಬಾಯಿಯ ಮುಂದಿನ ಅಂಚು! ಚಕ್ಕೆ ಎದ್ದ ಜಾಗವೇ ಅದು. ಅಲ್ಲೇ ನಿಂತು ಆ ಸಾಲನ್ನು ಎರಡು ಸಲ ಓದಿದೆ. ಗ್ರಂಥಪಾಲಕರು ನನ್ನ ಮುಖ ನೋಡಿ, "ಉಪಯೋಗ ಆಗುತ್ತಾ?" ಎಂದರು. ಬಹಳ ಉಪಯೋಗ ಆಗುತ್ತದೆ ಎಂದೆ. ಮೇಜಿನ ವಿಷಯ ಹೇಳದೆ ಪುಸ್ತಕ ಹಿಡಿದುಕೊಂಡು ಬಂದೆ.

ಸೆಪ್ಟೆಂಬರ್ ೯, ಮಂಗಳವಾರ

ಇವಳಿಗೆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಯಾರು ಮಾಡ್ತಾರೆ?"

"ನಾನು."

ನಕ್ಕರೆ ನಗಲಿ ಎಂದುಕೊಂಡಿದ್ದೆ. ನಗಲಿಲ್ಲ. "ಯಾವ ಹತ್ತರಿ?" ಎಂದಳು.

"ಮೇಲಿನ ಹಲಗೆಯಲ್ಲಿ ಒಂದು ಹಳೇದು ಇದೆಯಲ್ಲ..."

"ಮಾವನ ಹತ್ತರಿಗೆ ಕೈ ಹಚ್ಚಬೇಡಿ" ಎಂದು ಎದ್ದು ಹೋದಳು.

ಸೆಪ್ಟೆಂಬರ್ ೧೧, ಗುರುವಾರ

ಬೆಳಗ್ಗೆ ಹಲ್ಲುಜ್ಜುತ್ತಿದ್ದವನ ಹಿಂದೆ ಬಂದು ನಿಂತು, "ತಗೊಳ್ಳಿ. ಮೇಲೆ ಕೂತು ಅದೇನು ಮಾಡ್ತಿದೆ, ನನ್ನ ಹಾಗೇ ಸುಮ್ಮನೆ ಕೂತಿದೆ" ಎಂದಳು. "ಮೂಗಿಗೆ ಮಾತ್ರ ಉಳಿ ತಾಗಬಾರದು."

ಹತ್ತರಿಯ ಮೂಗು ಎಂದರೆ ಅದರ ಮುಂದಿನ ಮುಖ. ಹತ್ತರಿ ಯಾರ ಕೈಗೆ ಬರುತ್ತದೋ ಅವರು ಅಲ್ಲಿ ತಮ್ಮ ಗುರುತು ಒತ್ತುವುದು ಈ ಕಸುಬಿನವರ ಪದ್ಧತಿ. ಮಾವನದು ಮೂರು ಚುಕ್ಕೆ. ಅದರ ಕೆಳಗೆ ಇವಳದು, ಗುಬ್ಬಿಯ ಹೆಜ್ಜೆಯ ಹಾಗೆ ಮೂರು ಗೀರು. ಹದಿನಾರನೆಯ ವಯಸ್ಸಿನಲ್ಲಿ ಒತ್ತಿದ್ದಂತೆ. ಅದಕ್ಕೆ ಮೊದಲು ಮಾವ ಎರಡು ವರ್ಷ ಕಾಯಿಸಿದ್ದರಂತೆ.

ಸೆಪ್ಟೆಂಬರ್ ೧೩, ಶನಿವಾರ

ಇವಳು ಮತ್ತೆ ಕೈ ತೋರಿಸಲು ಆಸ್ಪತ್ರೆಗೆ ಹೋದ ಹೊತ್ತು ನೋಡಿ ಕಾರ್ಖಾನೆಗೆ ಹೋದೆ. ಹತ್ತರಿಯನ್ನು ವೈಸಿನಲ್ಲಿ ಬಿಗಿದು, ಉಳಿ ಮತ್ತು ಕೊಡತಿ ಹಿಡಿದು, ಬಾಯಿಯ ಮುಂದಿನ ಅಂಚನ್ನು ಕೆತ್ತಿದೆ. ಅರ್ಧ ಗಂಟೆಯಲ್ಲಿ ಮುರಿದ ಜಾಗ ಹೇಳಹೆಸರಿಲ್ಲದೆ ಹೋಯಿತು. ಇನ್ನು ದೇವರೇ ಬಂದು ನೋಡಿದರೂ ಗೊತ್ತಾಗುವುದಿಲ್ಲ.

ನೆಮ್ಮದಿ ಆಗಬೇಕಿತ್ತು. ಕೆಲಸದ ದಿನಗಳಲ್ಲಿ ಒಬ್ಬ ವ್ಯಾಪಾರಿ ಬಟ್ಟಿನ ತಳ ಕೊರೆದು, ತೂತಿಗೆ ಮೇಣ ತುಂಬಿ, ಮೇಲೆ ಬಣ್ಣ ಬಳಿದಿದ್ದ. ಹಿಡಿದಾಗ ಅವನ ಮುಖ ಹೇಗಿತ್ತೋ ಇವತ್ತು ಕೈ ತೊಳೆಯುವಾಗ ಕನ್ನಡಿಯಲ್ಲಿ ನನ್ನದೂ ಹಾಗೇ ಇತ್ತು. ಚಕ್ಕೆಯನ್ನು ಎಸೆಯಲು ಹೋದೆ, ಎಸೆಯಲಾಗಲಿಲ್ಲ. ಗುಂಡುಪಿನ್ನಿನ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಸೆಪ್ಟೆಂಬರ್ ೧೬, ಮಂಗಳವಾರ

ಅಲಗು ಒರಗಿಸಲು ಹತ್ತರಿಯ ಹೊಟ್ಟೆಗೆ ಕೂರುವ ಮರದ ತುಂಡು ಸಿದ್ಧವಾಯಿತು! ಮಾಮೂಲಿ ಹತ್ತರಿಯ ಅಲಗು ಹಿಂದಕ್ಕೆ ಚೆನ್ನಾಗಿ ಮಲಗಿರುತ್ತದೆ. ಕೆರೆಯುವ ಹತ್ತರಿಯದು ಹೆಚ್ಚುಕಡಿಮೆ ನೆಟ್ಟಗೆ ನಿಂತು, ಹದಿನೈದು ಡಿಗ್ರಿ ಮಾತ್ರ ಓರೆ. ಚಿತ್ರದ ಮೇಲೆ ಕೋನಮಾಪಕ ಇಟ್ಟು ಅಳೆದೆ. ತುಂಡನ್ನು ನಾಲ್ಕು ಸಲ ಮಾಡಿದೆ. ಮೊದಲನೆಯದು ಹದಿನಾಲ್ಕೂವರೆ, ಎಸೆದೆ. ಎರಡನೆಯದು ಹದಿನೈದೂವರೆ, ಎಸೆದೆ. ಮೂರನೆಯದು ಸರಿಯಿತ್ತು, ನನ್ನ ಕಾಲ ಕೆಳಗೇ ಸಿಕ್ಕಿ ಸೀಳಿತು. ನಾಲ್ಕನೆಯದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇವಳ ಮುರಿದ ಕೈಗರಗಸದ ಉಕ್ಕನ್ನೇ ಅಲಗಿಗೆ ಕತ್ತರಿಸಿಕೊಂಡೆ. ಅದಕ್ಕೆ ಅಂಚು ಕಟ್ಟುವುದನ್ನು ಇವಳು ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು. ಮೊದಲು ಅರದಿಂದ ಅಂಚಿಗೆ ಓರೆ ತೆಗೆಯಬೇಕು, ಆಮೇಲೆ ಸಾಣೆಕಲ್ಲಿಗೆ ಉಜ್ಜಬೇಕು, ಕೊನೆಗೆ ದುಂಡು ಉಕ್ಕಿನ ಸಲಾಕೆಯನ್ನು ಅಂಚಿಗೆ ಒತ್ತಿ ಎಳೆದು, ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ತಿರುಗಿಸಬೇಕು. ಕೆರೆಯುವುದು ಆ ಕೊಕ್ಕೆಯೇ. ಸಲಾಕೆ ಒತ್ತುವುದಕ್ಕೆ ಹೆಬ್ಬೆರಳು ಬೇಕು, ಆದ್ದರಿಂದ ಆ ಕೆಲಸ ನನ್ನದೇ.

ಈ ಪುಟದ ಮೇಲೆ ಏನೋ ಪುಡಿ ಬಿದ್ದಿತ್ತು. ಊದಿ ಬರೆದಿದ್ದೇನೆ.

ಸೆಪ್ಟೆಂಬರ್ ೧೭, ಬುಧವಾರ

ಮಾನ ಹೋಯಿತು.

ಇವಳು ಹತ್ತರಿಯನ್ನು ಮೇಜಿನ ಹಲಗೆಯ ಮೇಲಿಟ್ಟು ತಳ್ಳಿದಳು. ಅದು ಕಡಕಡಕಡ ಎಂದು ಹಲ್ಲು ಕಡಿಯುತ್ತ ಹೋಯಿತು. ಸಿಪ್ಪೆ ಬಾರದೆ ಮರದ ಮೇಲೆ ಬರೀ ಗೀಟು ಬಿತ್ತು. ಇವಳು ಹತ್ತರಿಯನ್ನು ಎತ್ತಿ, ತಿರುಗಿಸಿ ನೋಡಿ, ನನ್ನನ್ನು ನೋಡಿ, ಮತ್ತೆ ಹತ್ತರಿಯನ್ನು ನೋಡಿದಳು.

"ಇನ್‌ಸ್ಪೆಕ್ಟರ್ರೇ, ಇದು ಹಿಂದಕ್ಕೆ ಒರಗಿದೆ."

"ಹದಿನೈದು ಡಿಗ್ರಿ. ಬೇಕಿದ್ರೆ ಅಳೆದು ನೋಡು."

"ಅಳತೆ ಸರೀನೇ. ಆದ್ರೆ ಮುಂದಕ್ಕೆ ಬಾಗಬೇಕು ರೀ! ತಗಡು ಹಿಡಿದಾಗ ನಾನು ಹೇಗೆ ಹಿಡೀತಿದ್ದೆ? ಎಷ್ಟು ವರ್ಷ ನೋಡಿದ್ದೀರಿ?"

ಪುಸ್ತಕ ತೆಗೆದು ನೋಡಿದೆ. ಚಿತ್ರದಲ್ಲಿ ಹತ್ತರಿಯ ಮೂಗು ಎಡಕ್ಕಿದೆ. ನಾನು ಅದನ್ನು ಬಲಕ್ಕೆ ಎಂದುಕೊಂಡು ಅಳೆದಿದ್ದೆ. ಅರ್ಧ ಡಿಗ್ರಿಗೆ ಎರಡು ತುಂಡು ಎಸೆದ ಮಹಾನುಭಾವ, ಮುಂದು ಯಾವುದು ಹಿಂದು ಯಾವುದು ಎಂದು ನೋಡಲೇ ಇಲ್ಲ.

ಇವಳಿಗೆ ನಗು ಬಂತು. ಮೊದಲು ತಡೆದುಕೊಂಡಳು, ಆಮೇಲೆ ಬೆಂಚಿಗೆ ಒರಗಿ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಆರಾಮಾಗಿ ಒರಗಿಕೊಂಡಿದೆ ನೋಡಿ, ನಿವೃತ್ತಿ ಆದವರ ಹಾಗೆ" ಎಂದು ಮತ್ತೆ ನಕ್ಕಳು. ಪಕ್ಕದ ಅಂಗಡಿಯಿಂದ ಚೌಕಟ್ಟಿನವನು ಇಣುಕಿ ನೋಡಿದ. ಅವನನ್ನು ಕಂಡು ನನ್ನ ನಗು ಅಲ್ಲೇ ನಿಂತಿತು.

ಆದರೆ ಇವಳು ನಕ್ಕಳು. ಆಪರೇಷನ್ ಆದ ಮೇಲೆ ಇದೇ ಮೊದಲು. ಆ ತಪ್ಪು ತುಂಡನ್ನು ಎಸೆಯಲು ಮನಸ್ಸಾಗಲಿಲ್ಲ, ಮನೆಗೆ ತಂದು ಗಡಿಯಾರದ ಪಕ್ಕ ಇಟ್ಟಿದ್ದೇನೆ.

ಸೆಪ್ಟೆಂಬರ್ ೨೦, ಶನಿವಾರ

ಹೊಸ ತುಂಡು ಮಾಡಿದೆವು. ಈ ಸಲ ಕೋನಮಾಪಕವನ್ನು ಇವಳು ಕಿತ್ತುಕೊಂಡು ಡ್ರಾಯರಿಗೆ ಹಾಕಿದಳು. ಅಲಗನ್ನು ನನ್ನ ಕೈಗೆ ಕೊಟ್ಟು, ಹಲಗೆಯ ಮೇಲೆ ನೆಟ್ಟಗೆ ಹಿಡಿದು ನಿಧಾನವಾಗಿ ಮುಂದಕ್ಕೆ ಬಾಗಿಸುತ್ತ ತಳ್ಳಿ ಎಂದಳು.

"ಕಚ್ತಾ?"

"ಇಲ್ಲ."

"ಇನ್ನೂ ಬಾಗಿಸಿ. ಕಣ್ಣಲ್ಲಿ ನೋಡಬೇಡಿ, ಕೈಗೆ ಗೊತ್ತಾಗುತ್ತೆ. ಈಗ?"

ಕಚ್ಚಿತು. ಬೆರಳ ತುದಿಗೆ ಸಣ್ಣಗೆ ಜುಮ್ ಎಂದಿತು. ನಾನು "ಹಾ" ಎಂದೆ. ಇವಳು ತಕ್ಷಣ ಅದೇ ಓರೆಗೆ ಪೆನ್ಸಿಲ್ ಗೀಟು ಎಳೆದಳು. ಹೆಬ್ಬೆರಳು ಬಳಸದೆ ತೋರುಬೆರಳು ಮಧ್ಯದ ಬೆರಳಿನ ನಡುವೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಇದನ್ನು ಯಾವಾಗ ಕಲಿತಳೋ.

ಸೆಪ್ಟೆಂಬರ್ ೨೨, ಸೋಮವಾರ

ಬೆರಳು ಕೊಯ್ದುಕೊಂಡೆ. ಬರೆಯಲು ಕಷ್ಟ.

ಸೆಪ್ಟೆಂಬರ್ ೨೪, ಬುಧವಾರ

ಬಂತು! ಇವಳು ಎರಡೂ ಅಂಗೈಯಿಟ್ಟು, ಮೈಭಾರ ಬಿಟ್ಟು ಉದ್ದಕ್ಕೆ ತಳ್ಳಿದಳು. ಸರ್ ಎಂದು ಒಂದೇ ಸದ್ದು. ಹತ್ತರಿಯ ಬಾಯಿಂದ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಸಿಪ್ಪೆ ಸುರುಳಿ ಸುತ್ತಿ ಎದ್ದಿತು. ಎಳೆ ತಿರುಗುವ ಕಡೆ ನಾನು ಉಸಿರು ಹಿಡಿದೆ. ಅದು ಅಲ್ಲೂ ನಿಲ್ಲಲಿಲ್ಲ. ಇವಳು ಆ ಜಾಗವನ್ನು ಅಂಗೈಯಿಂದ ಸವರಿದಳು, ಆಮೇಲೆ ನನ್ನ ಅಂಗೈಯನ್ನು ಹಿಡಿದು ಅಲ್ಲಿಟ್ಟಳು. ಗುಳಿಯಿಲ್ಲ, ತರಿಯಿಲ್ಲ.

"ನೋವಾಯ್ತಾ?"

"ಇಲ್ಲ ರೀ" ಎಂದಳು. "ಇಲ್ಲ."

ಮತ್ತೆ ಮತ್ತೆ ತಳ್ಳಿದಳು. ಒಂದು ಗಂಟೆಗೆ ಸದ್ದು ಬದಲಾಗಿ, ಸಿಪ್ಪೆ ಹೋಗಿ ಹಿಟ್ಟು ಬರತೊಡಗಿತು. ಅಲಗು ಮೊಂಡಾಗಿತ್ತು. ಬಿಚ್ಚಿ, ಸಾಣೆ ಹಿಡಿದು, ಕೊಕ್ಕೆ ತಿರುಗಿಸಿ ಕೊಟ್ಟೆ. ಮತ್ತೆ ಸರ್ ಎಂದಿತು. ಹೀಗೆ ಸಂಜೆಯ ತನಕ ನಾಲ್ಕು ಸಲ. ಮನೆಗೆ ಬರುವಾಗ ಇಬ್ಬರಿಗೂ ಹಸಿವೆಂದರೆ ಹಸಿವು.

ಸೆಪ್ಟೆಂಬರ್ ೨೫, ಗುರುವಾರ

ಚೌಕಟ್ಟಿನವನ ಹತ್ತಿರ ಹೋದೆ. ಅವನು ಹೊಸ ಬೋರ್ಡು ಬರೆಸಿ ಗೋಡೆಗೆ ಒರಗಿಸಿ ಇಟ್ಟಿದ್ದ. ಕೋಣೆ ಕೊಡುವುದಕ್ಕೆ ಆಗುವುದಿಲ್ಲ, ಕೀಲಿಕೈ ವಾಪಸ್ ಬೇಕು ಎಂದೆ. ಇಷ್ಟು ಹೇಳಲು ಅವನ ಅಂಗಡಿಯ ಮುಂದೆ ಮೂರು ಸಲ ಅತ್ತಿಂದಿತ್ತ ಓಡಾಡಿದೆ.

"ಸಾಹೇಬ್ರೇ, ಊರಲ್ಲೆಲ್ಲ ನಿಮ್ಮನ್ನ ಮುಳ್ಳು ಸಾಹೇಬ್ರು ಅಂತಾರೆ. ತಕ್ಕಡಿ ಮುಳ್ಳಿನ ಹಾಗೆ ನೆಟ್ಟಗೆ ಅಂತ. ನೀವು ಮಾತು ತಪ್ತೀರಿ ಅಂತ ನಾನು ಅಂದ್ಕೊಂಡಿರ್ಲಿಲ್ಲ."

ತಲೆ ತಗ್ಗಿಸಿ ನಿಂತೆ. ಅವನು ಬೋರ್ಡನ್ನು ಗೋಡೆಯ ಕಡೆ ತಿರುಗಿಸಿ ಇಟ್ಟು, ಕೀಲಿಕೈ ತಂದು ಕೊಟ್ಟ.

"ಅಕ್ಕನಿಗೆ ಗೊತ್ತಾ?"

"ಇಲ್ಲ."

"ಅಕ್ಕ ಮೊನ್ನೆ ನಕ್ಕಿದ್ದು ಕೇಳಿಸ್ತು" ಎಂದ. "ನಾನಂತೂ ಹೇಳಲ್ಲ, ಹೋಗಿ."

ಒಳ್ಳೆಯವನು. ನನಗಿಂತ ಒಳ್ಳೆಯವನು. ಹತ್ತರಿಯ ಚಕ್ಕೆ ಗೊತ್ತಾಗುವುದಿಲ್ಲ, ಕೀಲಿಕೈ ವಾಪಸ್ ಬಂತು. ಇನ್ನು ಎಲ್ಲವೂ ಸರಿಹೋಯಿತು. ಇದನ್ನು ಇಲ್ಲಿಗೆ ಬಿಡುತ್ತೇನೆ.

ಸೆಪ್ಟೆಂಬರ್ ೨೬, ಶುಕ್ರವಾರ

ಬಿಡಲಾಗಲಿಲ್ಲ.

ಮಧ್ಯಾಹ್ನ ನಾನು ಅಲಗು ಸಾಣೆ ಹಿಡಿದು ಕೊಟ್ಟಾಗ ಇವಳು ಜೇಬಿನಿಂದ ಏನೋ ತೆಗೆದಳು. ದಪ್ಪನೆಯ ಒಂದು ಮೊಳೆ. ಅದರ ತುದಿಯನ್ನು ಅರದಿಂದ ಉಜ್ಜಿ ಅಚ್ಚು ಮಾಡಿದ್ದಳು. ಕೆಳಗೆ ಒಂದು ಅಡ್ಡಗೀರು, ಅದರ ನಡುವಿನಿಂದ ನೆಟ್ಟಗೆ ಮೇಲಕ್ಕೆ ಒಂದು ಗೀರು. ತಕ್ಕಡಿಯ ಮುಳ್ಳು. ಮೊಳೆಯನ್ನು ವೈಸಿನಲ್ಲಿ ಬಿಗಿದು, ಅರವನ್ನು ಎರಡೂ ಅಂಗೈಯ ನಡುವೆ ಹಿಡಿದು, ಎರಡು ದಿನ ಕೂತು ಮಾಡಿದ್ದಂತೆ.

"ಮಾವನ ಗುರುತು ಇದೆ, ನಂದಿದೆ. ನಿಮ್ಮದೂ ಒತ್ತಿ. ಈ ಹತ್ತರಿ ಮಾಡಿದ್ದು ನೀವು" ಎಂದು ಸುತ್ತಿಗೆ ಕೊಟ್ಟಳು.

ಮೊಳೆಯನ್ನು ಹತ್ತರಿಯ ಮೂಗಿನ ಮೇಲೆ, ಗುಬ್ಬಿಯ ಹೆಜ್ಜೆಯ ಕೆಳಗೆ ಇಟ್ಟೆ. ಸುತ್ತಿಗೆ ಎತ್ತಿದೆ. ಕೈ ಇಳಿಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಲಕ್ಷ ಮುದ್ರೆ ಒತ್ತಿರಬಹುದು. ಗೊತ್ತಿದ್ದೂ ಗೊತ್ತಿದ್ದೂ ಒಂದು ಸುಳ್ಳು ಬಟ್ಟಿಗೆ ಒತ್ತಿದವನಲ್ಲ. ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟೆ.

ಹೇಳಿದೆ. ಹತ್ತರಿ ಬೀಳಿಸಿದ್ದನ್ನು ಹೇಳಿದೆ. ಮುರಿದದ್ದು ಮುಚ್ಚಲಿ ಎಂದೇ ಈ ಹತ್ತರಿ ಆರಿಸಿದ್ದನ್ನು, ಇವಳು ಇಲ್ಲದ ಹೊತ್ತು ನೋಡಿ ಬಾಯಿ ಕೆತ್ತಿದ್ದನ್ನು ಹೇಳಿದೆ. ಕೋಣೆಗೆ ಮಾತು ಕೊಟ್ಟದ್ದು, ಕೀಲಿಕೈ ಕೊಟ್ಟದ್ದು, ನಿನ್ನೆ ವಾಪಸ್ ತಂದದ್ದು, ಎಲ್ಲ ಹೇಳಿದೆ. ಗುಂಡುಪಿನ್ನಿನ ಡಬ್ಬಿ ಜೇಬಿನಲ್ಲೇ ಇತ್ತು. ತೆಗೆದು ಚಕ್ಕೆಯನ್ನು ಬೆಂಚಿನ ಮೇಲಿಟ್ಟೆ, ಪಕ್ಕದಲ್ಲಿ ಕೀಲಿಕೈ ಇಟ್ಟೆ.

ಇವಳು ಚಕ್ಕೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. "ಇದನ್ನ ಇಟ್ಕೊಂಡು ಏನ್ ಮಾಡ್ತೀರಿ, ಮರ ಬಿದ್ರೆ ಒಡೆಯುತ್ತೆ" ಎಂದಳು. ಕೀಲಿಕೈಯನ್ನು ಮುಟ್ಟಲಿಲ್ಲ. ಅದನ್ನೇ ನೋಡುತ್ತ ನಿಂತಳು.

"ಹತ್ತರಿ ಕೈಜಾರಿ ಬಿತ್ತು. ಇದೂ ಕೈಜಾರಿ ಬಿತ್ತೇನ್ರೀ?"

ಇಲ್ಲ ಎಂದು ತಲೆಯಾಡಿಸಿದೆ.

"ನಾನು ಅಲ್ಲಿ ಕೈಗೆ ಸೂಜಿ ಚುಚ್ಚಿಸ್ಕೊಂಡು, ವಾಪಸ್ ಬಂದು ಏನು ಮಾಡಬೇಕು ಅಂತ ಒಂದೊಂದೇ ಲೆಕ್ಕ ಹಾಕ್ತಾ ಮಲಗಿದ್ದೆ. ನೀವು ಇಲ್ಲಿ ಬಂದು ಬಾಗಿಲು ಹಾಕಿಬಿಟ್ರಿ. ಒಂದು ಮಾತು ಕೇಳಿದ್ರಾ?"

ಒಬ್ಬಳೇ ಮನೆಗೆ ನಡೆದು ಹೋದಳು. ನಾನು ಹಿಂದೆ ಬಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ.

ಸೆಪ್ಟೆಂಬರ್ ೨೭, ಶನಿವಾರ

ಮಾತಿಲ್ಲ.

ಸೆಪ್ಟೆಂಬರ್ ೨೮, ಭಾನುವಾರ

ಬೆಳಗ್ಗೆ ಎದ್ದಾಗ ಇವಳು ಮನೆಯಲ್ಲಿರಲಿಲ್ಲ. ಕಾರ್ಖಾನೆಗೆ ಓಡಿದೆ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಹತ್ತರಿಯ ಸದ್ದು. ತಟ್ಟಲು ಎತ್ತಿದ ಕೈ ಇಳಿಸಿ ಮೆಟ್ಟಿಲ ಮೇಲೆ ಕೂತೆ.

ಸರ್, ಸರ್, ಸರ್. ಉದ್ದನೆಯ ಸದ್ದು, ನಡುವೆ ಎರಡು ಹೆಜ್ಜೆ, ಮತ್ತೆ ಸದ್ದು. ಚೌಕಟ್ಟಿನವನು ಅಂಗಡಿ ತೆಗೆದು, ನನ್ನನ್ನು ನೋಡಿಯೂ ನೋಡದವನ ಹಾಗೆ ಗಾಜು ಒರೆಸತೊಡಗಿದ. ಸುಮಾರು ಒಂದು ಗಂಟೆಯಾಗಿರಬೇಕು. ಗಡಿಯಾರ ತಂದಿರಲಿಲ್ಲ. ಸರ್ ಎನ್ನುತ್ತಿದ್ದದ್ದು ಕರ್ ಎನ್ನತೊಡಗಿತು. ಅಲಗು ಮೊಂಡಾಯಿತು ಎಂದು ನನಗೆ ಹೊರಗೇ ಗೊತ್ತಾಯಿತು. ಕೊಕ್ಕೆ ತಿರುಗಿಸಲು ಇವಳ ಹೆಬ್ಬೆರಳು ಬಾರದು. ಒಳಗೆ ಇನ್ನೂ ನಾಲ್ಕು ಸಲ ತಳ್ಳಿದಳು. ಕರ್, ಕರ್. ಹಾಗೆ ತಳ್ಳಬೇಡವೇ, ಕೈ ನೋಯುತ್ತದೆ ಎಂದು ಕೂಗಬೇಕೆನ್ನಿಸಿತು. ಬಾಯಿ ಬಿಗಿಹಿಡಿದು ಕೂತೆ. ಸದ್ದು ನಿಂತಿತು.

ಚಿಲಕ ತೆಗೆದ ಸದ್ದಾಯಿತು. ಬಾಗಿಲು ಒಂದು ಗೇಣು ತೆರೆಯಿತು. ಕೈ ಮಾತ್ರ ಹೊರಗೆ ಬಂತು. ಅದರಲ್ಲಿ ಅಲಗು, ಸಾಣೆಕಲ್ಲು, ಸಲಾಕೆ. ತೆಗೆದುಕೊಂಡೆ. ಬಾಗಿಲು ಮುಚ್ಚಿತು.

ಮೆಟ್ಟಿಲ ಮೇಲೇ ಕೂತು ಸಾಣೆ ಹಿಡಿದೆ. ಇಷ್ಟು ಜೋಪಾನವಾಗಿ ಯಾವತ್ತೂ ಹಿಡಿದಿರಲಿಲ್ಲ. ಬಾಗಿಲು ತಟ್ಟಿದೆ, ಕೈ ಬಂತು, ಅಲಗು ತೆಗೆದುಕೊಂಡಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸರ್ ಎಂದಿತು. ನನಗೆ ಅಳು ಬಂತು. ಬೀದಿಯಲ್ಲಿ ಕೂತು ಅಳುವ ವಯಸ್ಸಲ್ಲ, ಆದರೂ ಬಂತು.

ಆರು ಸಲ ಆ ಕೈ ಹೊರಗೆ ಬಂತು. ಐದನೆಯ ಸಲ ಅಲಗಿನ ಜೊತೆ ಒಂದು ಲೋಟ ನೀರೂ ಇತ್ತು.

ಸೆಪ್ಟೆಂಬರ್ ೩೦, ಮಂಗಳವಾರ

ಮೇಜು ಹೋಯಿತು. ಗ್ರಂಥಾಲಯದ ಕಿಟಕಿಯ ಪಕ್ಕ ಇಟ್ಟರು. ಗ್ರಂಥಪಾಲಕರು ಬಗ್ಗಿ, ಬೆಳಕಿಗೆ ಅಡ್ಡಲಾಗಿ ಕಣ್ಣಿಟ್ಟು ನೋಡಿ, ಕೊನೆಗೆ ಕೆನ್ನೆಯನ್ನೇ ಮೇಜಿಗೆ ಒತ್ತಿದರು. "ಅಮ್ಮಾ, ಇದರ ಮೇಲೆ ಪುಸ್ತಕ ಇಡೋಕೇ ಮನಸ್ಸು ಬರ್ತಿಲ್ಲ" ಎಂದರು.

"ಇಡಿ, ಇಡಿ. ಕೈ ಊರಿ ಓದಲಿ ಅಂತಲೇ ಮಾಡಿದ್ದು" ಎಂದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. "ಅಲಗು ಸಾಣೆ ಹಿಡಿದವರು ಅವರು" ಎಂದು ನನ್ನ ಕಡೆ ಗದ್ದ ತೋರಿಸಿದಳು. ನಾಲ್ಕು ದಿನದ ಮೇಲೆ ನನ್ನ ಬಗ್ಗೆ ಬಂದ ಮೊದಲ ಮಾತು.

ಅಕ್ಟೋಬರ್ ೧, ಬುಧವಾರ

ಬೆಳಗ್ಗೆ ಇವಳು ಹೊರಟಳು. ಬಾಗಿಲಲ್ಲಿ ನಿಂತು, "ಬರ್ತೀರಾ, ಕಾಗದ ಕೊಟ್ಟು ಕರೀಬೇಕಾ?" ಎಂದಳು. ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ.

ಕಾರ್ಖಾನೆಯಲ್ಲಿ ಆ ಇನ್ನೊಂದು ಕೀಲಿಕೈ ನಾನಿಟ್ಟ ಜಾಗದಲ್ಲೇ ಇತ್ತು. ಚಕ್ಕೆ ಇರಲಿಲ್ಲ, ಕಸದ ಜೊತೆ ಗುಡಿಸಿದ್ದಾಳೆ. ಇವಳು ಕೀಲಿಕೈಯನ್ನು ಎತ್ತಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ಆಮೇಲೆ ಹತ್ತರಿಯನ್ನು ವೈಸಿನಲ್ಲಿ ಮೂಗು ಮೇಲೆ ಮಾಡಿ ಬಿಗಿದು, ಮೊಳೆ ಮತ್ತು ಸುತ್ತಿಗೆಯನ್ನು ನನ್ನ ಮುಂದಿಟ್ಟಳು.

"ನಿಮ್ಮ ಬಟ್ಟುಗಳಿಗೆ ಒಂದು ಸಲ ಮುದ್ರೆ ಒತ್ತಿದ್ರೆ ಎಷ್ಟು ದಿನಕ್ಕೆ?"

"ಒಂದು ವರ್ಷಕ್ಕೆ. ಆಮೇಲೆ ಮತ್ತೆ ಪರೀಕ್ಷೆ ಮಾಡಬೇಕು."

"ಹಾಗಾದ್ರೆ ಈ ವರ್ಷಕ್ಕೆ ಒತ್ತಿ" ಎಂದಳು. "ಮುಂದಿನ ವರ್ಷ ನಾನೇ ಪರೀಕ್ಷೆ ಮಾಡ್ತೀನಿ."

ಮೊಳೆಯನ್ನು ಇವಳು ಎರಡೂ ಅಂಗೈಯ ನಡುವೆ ಒತ್ತಿ ನೆಟ್ಟಗೆ ಹಿಡಿದಳು. ನಾನು ಒಂದೇ ಏಟು ಹೊಡೆದೆ. ಗುಬ್ಬಿಯ ಹೆಜ್ಜೆಯ ಕೆಳಗೆ ಮುಳ್ಳು ಬಿತ್ತು, ಸ್ವಲ್ಪ ಓರೆಯಾಗಿ. ಎಷ್ಟು ಡಿಗ್ರಿ ಎಂದು ಅಳೆಯಲಿಲ್ಲ. ಹನ್ನೊಂದು ಗಂಟೆಗೆ ಯಾರೋ ಕಾಲು ಮುರಿದ ಕುರ್ಚಿ ತಂದರು.